ಗೋವಾದ ಹೊಳೆಯಲ್ಲಿ ಚೊಣಕ್ ಹಿಡಿಯುವುದು ಹೇಗೆ: ಕೋಲು, ದಾರ, ಲೂರ್ ಮತ್ತು ಇಳಿತದ ಲೆಕ್ಕ

ಇಳಿತ ಶುರುವಾಗಿ ಮೂರು ಗಂಟೆ ದಾಟಿದೆ. ಖಜಾನ್ ಎಂಬ, ಒಡ್ಡು ಕಟ್ಟಿದ ಗದ್ದೆಯ ತೂಬಿನಿಂದ ಕಂದು ನೀರು ಹೊಳೆಗೆ ನುಗ್ಗುತ್ತಿದೆ. ಆ ಕಂದು ನೀರು ಹೊಳೆಯ ಹಸಿರು ನೀರಿಗೆ ತಾಗುವ ಕಡೆ ಒಂದು ಗೆರೆ ಎದ್ದಿದೆ. ಗೆರೆಯ ಮೇಲೆ ಸಣ್ಣ ಸಿಗಡಿಗಳು ಚಿಮ್ಮುತ್ತಿವೆ. ಆಮೇಲೆ ಒಂದು ಸದ್ದು, ಖಾಲಿ ಬಕೆಟ್ ಬೋರಲು ಹಿಡಿದು ನೀರಿಗೆ ಬಡಿದ ಹಾಗೆ: ‘ಬೊಫ್’. ಅದು ಚೊಣಕ್.

ಬಾಸ್ ಫಿಶಿಂಗ್ ಅಂದ ಕೂಡಲೇ ಹೆಚ್ಚಿನವರು ನೋಡುವುದು ಅಮೆರಿಕದ ಸಿಹಿನೀರಿನ ಲಾರ್ಜ್‌ಮೌತ್ ಬಾಸ್ ವಿಡಿಯೋ. ಆ ಮೀನು ಗೋವಾದ ಹೊಳೆಗಳಲ್ಲಿ ಇಲ್ಲ. ಇಲ್ಲಿರುವುದು ಏಷ್ಯನ್ ಸೀ ಬಾಸ್. ಗೋವಾದಲ್ಲಿ ಚೊಣಕ್, ರಾಯಗಡ-ಮುಂಬೈ ಕಡೆ ಜಿತಾಡಾ, ಬಂಗಾಳದಲ್ಲಿ ಭೆಟ್ಕಿ, ಆಸ್ಟ್ರೇಲಿಯಾದಲ್ಲಿ ಬ್ಯಾರಮಂಡಿ. ಲಾರ್ಜ್‌ಮೌತ್, ಚೊಣಕ್ ಎರಡೂ ಬೇರೆ ಬೇರೆ ಕುಟುಂಬದ ಮೀನು. ಆದರೆ ಬೇಟೆಯ ರೀತಿ ಒಂದೇ. ಮರೆಯಲ್ಲಿ ಹೊಂಚು ಹಾಕಿ ನಿಂತು, ಎದುರಿಗೆ ಬಂದದ್ದನ್ನು ಬಾಯಿ ತೆರೆದು ಎಳೆದುಕೊಳ್ಳುತ್ತವೆ. ಅದಕ್ಕೇ ಆ ಬಾಸ್‌ಗೆಂದು ಮಾಡಿದ ಲೂರ್‌ಗಳಲ್ಲಿ (ಗಾಳ ಕಟ್ಟಿದ ನಕಲಿ ಮೀನು) ಬಹಳಷ್ಟು ಇಲ್ಲಿಯೂ ಕೆಲಸ ಮಾಡುತ್ತವೆ.

ನಾನು ಅಘನಾಶಿನಿ ದಂಡೆಯ ಊರಿನವನು. ವಾಸ್ಕೋಗೆ ಬಂದು ಹದಿನಾಲ್ಕು ವರ್ಷವಾಯಿತು. ಬಾಯ್ನಾದಲ್ಲಿ ನಮ್ಮ ಮನೆ ಸುತ್ತ ಗದಗ, ಬಾಗಲಕೋಟೆ, ವಿಜಯಪುರದಿಂದ ಬಂದ ಕುಟುಂಬಗಳೇ ಜಾಸ್ತಿ. ಹೊಳೆ-ಸಮುದ್ರ ನೋಡದೆ ಬೆಳೆದವರು. ಪಕ್ಕದ ಮನೆ ಹುಡುಗ ನನ್ನ ಡಬ್ಬಿ ನೋಡಿ ಮೊದಲ ದಿನ ಕೇಳಿದ್ದು ಇದು: “ಅಣ್ಣಾ, ಈ ಪ್ಲಾಸ್ಟಿಕ್ ಮೀನಿಗೆ ಖರೇ ಮೀನ ಬೀಳ್ತಾವೇನ್ರಿ?” ಬೀಳುತ್ತವೆ. ಆದರೆ ಲೂರ್ ನೋಡಿ ಅಲ್ಲ. ಹರಿಯುವ ನೀರಿನಲ್ಲಿ, ಸರಿಯಾದ ಜಾಗದಲ್ಲಿ, ಬೇಟೆ ಹೋಗುವ ದಾರಿಯಲ್ಲೇ ಅದು ಹೋಗುತ್ತಿದ್ದರೆ ಬೀಳುತ್ತವೆ. ಅವನಿಗೆ ಕಲಿಸಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಿಂದ ಅಲ್ಲ, ನೀರಿನಿಂದ ಶುರು.

ಮೊದಲು ನೀರು ಓದಿ

ಇಲ್ಲಿ ದಿನಕ್ಕೆ ಎರಡು ಸಲ ಭರತಿ, ಎರಡು ಸಲ ಇಳಿತ. ಕೊಂಕಣಿಯಲ್ಲಿ ಭರತಿ-ಸುಕತಿ ಅನ್ನುತ್ತಾರೆ. ತುಂಬಿದ ನೀರು ಪೂರ್ತಿ ಇಳಿಯಲು ಸುಮಾರು ಆರು ಗಂಟೆ ಬೇಕು. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಸಂಜೆ 5.30ಕ್ಕೆ ಮೀನು ಕಚ್ಚಿದ್ದರೆ ನಾಳೆ ಅದೇ ನೀರು 6.20ರ ಸುಮಾರಿಗೆ. ಇವತ್ತಿನ ಗಡಿಯಾರ ನೋಡಿ ನಾಳೆ ಹೋಗಬೇಡಿ. ಮೊರ್ಮುಗೋವಾ ಬಂದರಿನ ಭರತಿ-ಇಳಿತದ ಪಟ್ಟಿ ಫೋನಿನ ಆ್ಯಪ್‌ಗಳಲ್ಲಿ ಸಿಗುತ್ತದೆ. ಅದು ಬಂದರಿನ ಹೊತ್ತು ಅನ್ನುವುದು ನೆನಪಿರಲಿ. ಹೊಳೆಯಲ್ಲಿ ಮೇಲೆ ಮೇಲೆ ಹೋದಷ್ಟೂ ನೀರು ತಡವಾಗಿ ತಿರುಗುತ್ತದೆ. ನಿಮ್ಮ ಜಾಗದಲ್ಲಿ ಎಷ್ಟು ತಡ ಎಂದು ಎರಡು ಮೂರು ಸಲ ನೋಡಿ ಬರೆದಿಟ್ಟುಕೊಳ್ಳಿ.

ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಹಳೆಯ ನಾವಿಕರ ಒಂದು ಅಂದಾಜು ಇದೆ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ನೀರು 1.8 ಮೀಟರ್ ಇಳಿಯುವ ದಿನ ಮೊದಲ ಗಂಟೆಯಲ್ಲಿ 15 ಸೆಂ.ಮೀ. ಇಳಿದರೆ ಮೂರನೇ ಗಂಟೆಯಲ್ಲಿ 45 ಸೆಂ.ಮೀ. ಇಳಿಯುತ್ತದೆ. ಗದ್ದೆ, ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಬೇರುಗಳ ನಡುವೆ ಅಡಗಿದ್ದ ಸಿಗಡಿ, ಶೆವ್ಟೊ ಮೀನಿನ ಮರಿಗಳೆಲ್ಲ ಆಗ ಹೊರಗೆ ಬರಲೇಬೇಕು. ಅವು ಬರುವ ಬಾಯಿಯಲ್ಲಿ ಚೊಣಕ್ ನಿಂತಿರುತ್ತದೆ. ಮೂರನೇ ಗಂಟೆಯಿಂದ ಐದನೇ ಗಂಟೆಯ ಕೊನೆವರೆಗೆ ನಾನು ಊಟ ಬಿಟ್ಟು ನಿಲ್ಲುತ್ತೇನೆ. ನೀರು ಪೂರ್ತಿ ನಿಂತಾಗ ಕುಳಿತು ಚಹಾ ಕುಡಿಯಬಹುದು. ಭರತಿಯ ಮೊದಲ ಗಂಟೆ ಮತ್ತೆ ಒಳ್ಳೆಯದು, ಅದರಲ್ಲೂ ಕಲ್ಲಿನ ಮೂಲೆಗಳಲ್ಲಿ.

ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇಳಿತ ದೊಡ್ಡದು, ನೀರು ಜೋರು, ಕೆಸರು ಜಾಸ್ತಿ. ಅಷ್ಟಮಿ ಹತ್ತಿರ ಇಳಿತ ಸಣ್ಣದು, ನೀರು ತಿಳಿ. ಹೊಸಬರಿಗೆ ನನ್ನ ಸಲಹೆ, ಎರಡರ ನಡುವಿನ ದಿನ ಆರಿಸಿಕೊಳ್ಳಿ. ಹರಿವೂ ಇರುತ್ತದೆ, ಲೂರ್ ಕೂಡ ಹತೋಟಿಯಲ್ಲಿರುತ್ತದೆ.

ಜಾಗ ಯಾವುದು? ತೂಬಿನ ಬಾಯಿ ಎಲ್ಲಕ್ಕಿಂತ ಮೊದಲು. ಖಜಾನ್ ಅಂದರೆ ನಮ್ಮ ಕುಮಟಾ ಕಡೆಯ ಗಜನಿಯೇ. ಉಪ್ಪುನೀರು ತಡೆಯಲು ಒಡ್ಡು ಕಟ್ಟಿ, ನೀರು ಬಿಡಲು ಮರದ ಬಾಗಿಲು ಇಟ್ಟಿರುತ್ತಾರೆ. ಗೋವಾದಲ್ಲಿ ಅದಕ್ಕೆ ಮಾನಸ್ ಅನ್ನುತ್ತಾರೆ. ಭರತಿಯಲ್ಲಿ ನೀರೇ ತಳ್ಳಿ ಬಾಗಿಲು ಮುಚ್ಚುತ್ತದೆ, ಇಳಿತದಲ್ಲಿ ತಾನೇ ತೆರೆಯುತ್ತದೆ. ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಾನಸ್ ಬಾಯಿಯ ಮೀನಿನ ಹಕ್ಕನ್ನು ಹರಾಜು ಹಾಕುವ ಪದ್ಧತಿ ಇದೆ. ಹರಾಜು ಹಿಡಿದವರು ಇಳಿತದಲ್ಲಿ ಬಲೆ ಕಟ್ಟುತ್ತಾರೆ. ಅದು ಅವರ ಅನ್ನ. ಕೇಳದೆ ಅಲ್ಲಿ ಲೂರ್ ಎಸೆಯಬೇಡಿ. ಕೇಳಿದರೆ ಸ್ವಲ್ಪ ಕೆಳಗೆ ನಿಂತು ಎಸೆಯಲು ಯಾರೂ ಬೇಡ ಅಂದದ್ದು ನನಗೆ ನೆನಪಿಲ್ಲ.

ತೂಬು ಬಿಟ್ಟರೆ, ಸಣ್ಣ ಹಳ್ಳ ದೊಡ್ಡ ಹೊಳೆಗೆ ಸೇರುವ ಮೂಲೆ, ಸೇತುವೆ ಕಂಬದ ಹಿಂದಿನ ನೆರಳು, ಬಿದ್ದ ಮರ, ಹಳೆಯ ಜೆಟ್ಟಿಯ ಕಂಬಗಳು. ಜುವಾರಿ, ಮಾಂಡವಿ, ಶಾಪೊರಾ, ಬೇತುಲ್ ಹತ್ತಿರ ಸಮುದ್ರ ಸೇರುವ ಸಾಳ್, ಕಾಣಕೋಣದ ತಳಪಣ, ಎಲ್ಲದರಲ್ಲೂ ಇಂಥ ಜಾಗಗಳಿವೆ. ಇಡೀ ಹೊಳೆಗೆ ಎಸೆಯಬೇಡಿ. ಹರಿಯುವ ನೀರಿಗೆ ಏನು ಅಡ್ಡ ನಿಂತಿದೆ ನೋಡಿ. ಅದರ ಮಗ್ಗುಲಲ್ಲಿ ನೀರು ಸುಮ್ಮನಾಗಿ ತಿರುಗುವ ಜಾಗ ಇರುತ್ತದೆ. ಚೊಣಕ್ ಅಲ್ಲಿ ನಿಂತು ಪಕ್ಕದ ಜೋರು ನೀರನ್ನು ನೋಡುತ್ತಿರುತ್ತದೆ.

ಬಿಡಬೇಕಾದ ಜಾಗಗಳೂ ಇವೆ. ಮಾಂಡವಿ-ಜುವಾರಿ ನಡುವಿನ ಕುಂಬಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ. ಅಲ್ಲಿ ನೀರಿನ ಅಂಚಿಗೆ ಇಳಿಯಬೇಡಿ. ಚೊರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ ಕಾಡನ್ನು ಹಕ್ಕಿಗಳಿಗೆ ಬಿಡಿ. ಮಳೆಗಾಲದಲ್ಲಿ ಸಮುದ್ರದ ಬಂಡೆಗಳ ಮೇಲೆ ಹೋಗಲೇಬೇಡಿ.

ವರ್ಷದ ಲೆಕ್ಕ ಚಿಕ್ಕದು. ಮಾಂಡವಿ ಅಂದರೆ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ. ಅಲ್ಲಿ ಜೋರು ಮಳೆ ಬಿದ್ದರೆ ಇಲ್ಲಿ ನೀರು ಕೆಂಪಾಗುತ್ತದೆ. ಮಳೆ ಕಡಿಮೆಯಾಗಿ ಆ ಕೆಂಪು ತಿಳಿಯಾಗುವ ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಆಮೇಲೆ ಮಾರ್ಚ್‌ನಿಂದ ಮೇ. ಇವೇ ನನಗೆ ಒಲಿದ ತಿಂಗಳುಗಳು. ಮಳೆಗಾಲದಲ್ಲಿ ಚೊಣಕ್ ಹೊಳೆಯ ಬಾಯಿಗೆ ಇಳಿದು ಮೊಟ್ಟೆ ಇಡುತ್ತದೆ. ಆಗ ನಾನು ಕೋಲು ಮುಟ್ಟುವುದಿಲ್ಲ.

ಕೋಲು, ರೀಲ್, ದಾರ

ಕೋಲು 6.5ರಿಂದ 7 ಅಡಿ ಸಾಕು. ಮೀಡಿಯಂ-ಹೆವಿ, ತುದಿ ಬೇಗ ನೆಟ್ಟಗಾಗುವಂಥದ್ದು. ಹಿಡಿಯ ಮೇಲೆ ‘10–30 ಗ್ರಾಂ’ ಎಂಬಂತೆ ಎಸೆಯುವ ತೂಕ ಬರೆದಿರುತ್ತದೆ, ಅದನ್ನು ನೋಡಿ ಕೊಳ್ಳಿ. ಹತ್ತು ಅಡಿಯ ಸಮುದ್ರದ ಕೋಲು ತಂದರೆ ಕಾಂಡ್ಲಾ ಕೊಂಬೆಗಳ ಕೆಳಗೆ ಎಸೆಯಲು ಆಗುವುದಿಲ್ಲ.

ರೀಲ್ 3000 ಅಥವಾ 4000 ಸೈಜಿನ ಸ್ಪಿನ್ನಿಂಗ್ ರೀಲ್. ದುಡ್ಡು ಕಡಿಮೆ ಇದ್ದರೆ ಕೋಲಿನಲ್ಲಿ ಉಳಿಸಿ, ರೀಲಿಗೆ ಹಾಕಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ರೀಲಿನ ಬ್ರೇಕ್, ನಯವಾಗಿ ಜಾರಬೇಕು, ಅಷ್ಟೇ ಮುಖ್ಯ. ಅಂಗಡಿಯಲ್ಲೇ ಡ್ರ್ಯಾಗ್ ಸಡಿಲ ಮಾಡಿ ದಾರ ಎಳೆದು ನೋಡಿ. ತಡೆದು ತಡೆದು ಬಂದರೆ ಅದು ಬೇಡ.

ಮುಖ್ಯ ದಾರ 20 ಪೌಂಡಿನ ಬ್ರೇಡ್ (ಹೆಣೆದ ದಾರ), 150 ಮೀಟರ್. ಬ್ರೇಡ್ ಹಿಗ್ಗುವುದಿಲ್ಲ, ಲೂರ್ ಮಿಸುಕಿದ್ದೆಲ್ಲ ಬೆರಳಿಗೆ ಗೊತ್ತಾಗುತ್ತದೆ. ಆದರೆ ರೀಲಿನಲ್ಲಿ ದಾರ ಸುತ್ತುವ ನುಣುಪು ಸ್ಪೂಲಿನ ಮೇಲೆ ಇಡೀ ಸುತ್ತು ಜಾರುತ್ತದೆ. ಅದಕ್ಕೆ ಮೊದಲು ಹತ್ತು ಸುತ್ತು ಸಾಮಾನ್ಯ ನೈಲಾನ್ ದಾರ ಹಾಕಿ, ಅದರ ಮೇಲೆ ಬ್ರೇಡ್ ಬಿಗಿಯಾಗಿ ಸುತ್ತಿ. ಸ್ಪೂಲಿನ ಅಂಚಿಗೆ ಎರಡು ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ.

ಬ್ರೇಡಿನ ಮುಂದೆ, ಲೂರಿನ ಹತ್ತಿರ, ಲೀಡರ್ ಎಂಬ ದಪ್ಪ ದಾರದ ತುಂಡು ಬೇಕು. 40 ಪೌಂಡಿನ ಫ್ಲೋರೋಕಾರ್ಬನ್ ಅಥವಾ ಗಟ್ಟಿ ನೈಲಾನ್, ಒಂದು ಮೀಟರ್. ಇದರಲ್ಲಿ ಉಳಿತಾಯ ಮಾಡಬೇಡಿ. ಶುರುವಿನ ವರ್ಷಗಳಲ್ಲಿ ನಾನು 20 ಪೌಂಡಿನ ಲೀಡರ್ ಕಟ್ಟುತ್ತಿದ್ದೆ. ಒಂದು ಸಂಜೆ ಜುವಾರಿ ದಂಡೆಯಲ್ಲಿ ಒಳ್ಳೆಯ ಮೀನು ಕಾಲಿನ ಹತ್ತಿರದವರೆಗೆ ಬಂತು. ಬೆಳ್ಳಿ ಹೊಟ್ಟೆ ಕಂಡಿತು. ತಲೆ ಒಂದು ಸಲ ಒದರಿತು. ದಾರ ಹಗುರವಾಯಿತು. ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಗಂಟು ಜಾರಿದ ಸುರುಳಿ ಇರಲಿಲ್ಲ, ಬ್ಲೇಡಿನಿಂದ ಕೊಯ್ದ ಹಾಗೆ ನೇರ. ಚೊಣಕ್‌ನ ಕಿವಿರಿನ ಮುಚ್ಚಳದ ಅಂಚು ಅಷ್ಟು ಹರಿತ. ಬಾಯಿ ಒಳಗೂ ಮರಳು ಕಾಗದದ ಹಾಗೆ ಒರಟು. ಅವತ್ತಿನಿಂದ ಪ್ರತಿ ಮೀನಿನ ಬಳಿಕ ಲೀಡರ್ ಮೇಲೆ ಉಗುರು ಎಳೆದು ನೋಡುತ್ತೇನೆ. ಒರಟಾಗಿದ್ದರೆ ಅಷ್ಟು ಕತ್ತರಿಸಿ ಮತ್ತೆ ಕಟ್ಟುತ್ತೇನೆ.

ಎರಡು ಗಂಟು ಸಾಕು

ಬ್ರೇಡ್ ಮತ್ತು ಲೀಡರ್ ಸೇರಿಸಲು ಡಬಲ್ ಯೂನಿ ಕಲಿಯಿರಿ. ಎಫ್‌ಜಿ ಗಂಟು ಇನ್ನೂ ತೆಳು, ಇನ್ನೂ ಗಟ್ಟಿ. ಆದರೆ ಗಾಳಿಯಲ್ಲಿ, ಅರೆಗತ್ತಲಲ್ಲಿ ಹೊಸಬರ ಕೈಗೆ ಅದು ಕೂಡುವುದಿಲ್ಲ.

ಎರಡೂ ದಾರದ ತುದಿಗಳನ್ನು ಎದುರು ಬದುರು ಇಟ್ಟು ಒಂದು ಗೇಣು ಜೋಡಿಸಿ ಹಿಡಿಯಿರಿ. ಬ್ರೇಡಿನ ತುದಿಯನ್ನು ಹಿಂದಕ್ಕೆ ಮಡಚಿ ಒಂದು ಕುಣಿಕೆ ಮಾಡಿ. ಆ ತುದಿಯನ್ನು ಎರಡೂ ದಾರಗಳ ಸುತ್ತ, ಕುಣಿಕೆಯ ಒಳಗಿಂದ, ಎಂಟು ಸಲ ಸುತ್ತಿ. ಎಂಜಲು ಹಚ್ಚಿ ನಿಧಾನ ಎಳೆಯಿರಿ. ಒಣ ದಾರ ಎಳೆದರೆ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಈಗ ಲೀಡರಿನ ತುದಿಯಿಂದ ಹಾಗೆಯೇ ಕುಣಿಕೆ ಮಾಡಿ, ನಾಲ್ಕು ಸುತ್ತು ಸಾಕು. ಎರಡು ಗಂಟೂ ಅರೆಬಿಗಿ ಆದ ಮೇಲೆ ಮುಖ್ಯ ದಾರಗಳನ್ನು ಎರಡೂ ಕಡೆಗೆ ಎಳೆಯಿರಿ. ಗಂಟುಗಳು ಜಾರಿ ಬಂದು ಒಂದಕ್ಕೊಂದು ಒತ್ತಿ ಕೂರುತ್ತವೆ. ಕೈಗೆ ಬಟ್ಟೆ ಸುತ್ತಿಕೊಂಡು ಬಲವಾಗಿ ಎಳೆದು ನೋಡಿ. ತುಂಡಾಗುವುದಿದ್ದರೆ ಮನೆಯಲ್ಲೇ ಆಗಲಿ.

ಲೂರಿಗೆ ಲೂಪ್ ಗಂಟು. ಲೀಡರಿನ ತುದಿಯಿಂದ ಒಂದು ಗೇಣು ಹಿಂದೆ ಸಡಿಲವಾದ ಸಾದಾ ಗಂಟು ಹಾಕಿ. ತುದಿಯನ್ನು ಲೂರಿನ ಬಳೆಯಲ್ಲಿ ತೂರಿಸಿ, ಬಂದ ಕಡೆಯಿಂದಲೇ ಆ ಸಾದಾ ಗಂಟಿನೊಳಗೆ ವಾಪಸ್ ತನ್ನಿ. ಮುಖ್ಯ ದಾರದ ಸುತ್ತ ನಾಲ್ಕು ಸುತ್ತು. ಮತ್ತೆ ಅದೇ ಗಂಟಿನೊಳಗೆ ತೂರಿಸಿ, ಒದ್ದೆ ಮಾಡಿ ಬಿಗಿ ಮಾಡಿ. ಲೂರಿನ ಮೂಗಿನ ಮುಂದೆ ಕಡಲೆಕಾಳಿನಷ್ಟು ಸಣ್ಣ ಕುಣಿಕೆ ಉಳಿಯಬೇಕು. ದಪ್ಪ ಲೀಡರ್ ಮೂಗಿಗೆ ಬಿಗಿಯಾಗಿ ಕೂತರೆ ಲೂರ್ ಸೆಟೆದುಕೊಳ್ಳುತ್ತದೆ. ಕುಣಿಕೆ ಇದ್ದರೆ ಎಡಬಲ ಆಡುತ್ತದೆ.

ಡ್ರ್ಯಾಗ್ ಅಂದಾಜಿಗೆ ಬಿಡಬೇಡಿ. 20 ಪೌಂಡ್ ಅಂದರೆ ಸುಮಾರು 9 ಕಿಲೋ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ ಎರಡೂವರೆ ಕಿಲೋ ಹತ್ತಿರ ಇಡಿ. ಪ್ರಯಾಣದ ಬ್ಯಾಗ್ ತೂಗುವ ಸಣ್ಣ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ಕೋಲು ಬಗ್ಗಿಸಿ ಎಳೆಯಿರಿ. ದಾರ ಜಾರಲು ಶುರುವಾಗುವಾಗ ತಕ್ಕಡಿ ಎಷ್ಟು ತೋರಿಸುತ್ತದೆ ಅಂತ ನೋಡಿದರೆ ಆಯಿತು.

ಲೂರ್: ನಾಲ್ಕು ಬಗೆ ಸಾಕು

1936ರಲ್ಲಿ ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಮೀನುಗಾರ ಬೆಂಡು ಕೆತ್ತಿ, ಚಾಕಲೇಟಿನ ಹಾಳೆ ಸುತ್ತಿ, ತಮ್ಮ ಮೊದಲ ಲೂರ್ ಮಾಡಿದರು. ದೊಡ್ಡ ಮೀನುಗಳು ಗುಂಪಿನಲ್ಲಿ ಸರಿಯಾಗಿ ಈಜಲಾಗದೆ ಓಲಾಡುವ ಮರಿಯನ್ನೇ ಆರಿಸಿ ಹಿಡಿಯುವುದನ್ನು ಅವರು ಗಮನಿಸಿದ್ದರು. ಲೂರ್ ಕೊಳ್ಳುವಾಗ ಇದೇ ನೆನಪಿರಲಿ. ಬಣ್ಣಕ್ಕಿಂತ ಮೊದಲು ಅದರ ಆಟ.

ಮೊದಲನೆಯದು ಮಿನ್ನೋ, ಸಣ್ಣ ಮೀನಿನ ಆಕಾರದ ಗಟ್ಟಿ ಲೂರ್. 10–12 ಸೆಂ.ಮೀ. ಉದ್ದ, ಒಂದು-ಒಂದೂವರೆ ಮೀಟರ್ ಆಳದಲ್ಲಿ ಓಡುವಂಥದ್ದು. ಮೂಗಿನ ಪ್ಲಾಸ್ಟಿಕ್ ತುಟಿ ನೋಡಿದರೆ ಆಳ ಗೊತ್ತಾಗುತ್ತದೆ. ತುಟಿ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ, ಗಿಡ್ಡವಾಗಿ ಕೆಳಗೆ ಬಾಗಿದ್ದರೆ ಮೇಲೆ. ನಿಲ್ಲಿಸಿದಾಗ ಏಳದೆ ಮುಳುಗದೆ ಅಲ್ಲೇ ನಿಲ್ಲುವ ‘ಸಸ್ಪೆಂಡಿಂಗ್’ ಮಿನ್ನೋ ಚೊಣಕ್‌ಗೆ ಬಹಳ ಒಳ್ಳೆಯದು. ಇಲ್ಲೊಂದು ಸೂಕ್ಷ್ಮ ಇದೆ. ಉಪ್ಪುನೀರು ಸಿಹಿನೀರಿಗಿಂತ ಭಾರ. ಸಿಹಿನೀರಿಗೆಂದು ಮಾಡಿದ ಸಸ್ಪೆಂಡಿಂಗ್ ಲೂರ್ ಇಲ್ಲಿ ಮೆಲ್ಲಗೆ ಮೇಲೇಳುತ್ತದೆ. ಜೊತೆಗೆ ಬರುವ ತೆಳು ಗಾಳಗಳು ಚೊಣಕ್ ಬಾಯಲ್ಲಿ ನೆಟ್ಟಗಾಗುತ್ತವೆ, ನನ್ನ ಡಬ್ಬಿಯಲ್ಲಿ ಅಂಥ ನಾಲ್ಕು ಇವೆ. ಗಟ್ಟಿ, ಭಾರದ ಗಾಳ ಬದಲಾಯಿಸಿದರೆ ಎರಡು ಕೆಲಸವೂ ಒಟ್ಟಿಗೆ ಆಗುತ್ತದೆ. ಗಾಳ ಬಗ್ಗುವುದಿಲ್ಲ, ಲೂರ್ ಕೂಡ ನಿಂತಲ್ಲೇ ನಿಲ್ಲುತ್ತದೆ. ಬದಲಾಯಿಸಿದ ಮೇಲೆ ಕಾಲಡಿಯ ನೀರಿನಲ್ಲಿ ಬಿಟ್ಟು ನೋಡಿ.

ಎರಡನೆಯದು ಮೆತ್ತನೆಯ ರಬ್ಬರ್ ಮೀನು, ಬಾಲ ಚಮಚದ ಹಾಗೆ. ಹತ್ತು ಸೆಂ.ಮೀ., ಸೀಸದ ತಲೆಯ ಗಾಳಕ್ಕೆ ಪೋಣಿಸುವುದು. ನೀರು ನಿಧಾನವಿದ್ದರೆ 7 ಗ್ರಾಂ, ಜೋರಿದ್ದರೆ 15–20 ಗ್ರಾಂ. ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುವ ತೂಕಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದೇ ಸರಿಯಾದ ತೂಕ. ಪೋಣಿಸುವಾಗ ಬೆನ್ನು ಸ್ವಲ್ಪ ಡೊಂಕಾದರೂ ಲೂರ್ ಬುಗುರಿಯಂತೆ ತಿರುಗುತ್ತದೆ. ಗಾಳ ಎಲ್ಲಿ ಹೊರಬರಬೇಕು ಅಂತ ಮೊದಲೇ ಪಕ್ಕದಲ್ಲಿಟ್ಟು ಅಳೆದು, ಉಗುರಿನ ಗುರುತು ಹಾಕಿ ಪೋಣಿಸಿ. ಕಾಂಡ್ಲಾ ಬೇರುಗಳ ನಡುವೆ ಎಸೆಯಲು, ಗಾಳದ ಮೊನೆ ರಬ್ಬರಿನೊಳಗೆ ಅಡಗುವ ವೀಡ್‌ಲೆಸ್ ಗಾಳ ಹಾಕಿ. ಒಂದೇ ಬಗೆ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ.

ಮೂರನೆಯದು ನೀರ ಮೇಲೆ ಸದ್ದು ಮಾಡುವ ಪಾಪ್ಪರ್. ಬೆಳಗಿನ ಜಾವ, ಮುಸ್ಸಂಜೆ, ನೀರಿನ ಮೇಲ್ಮೈ ಶಾಂತವಿದ್ದಾಗ. ನಾಲ್ಕನೆಯದು ತುಟಿ ಇಲ್ಲದ, ಎಳೆದಾಗ ನಡುಗುವ ವೈಬ್ರೇಷನ್ ಲೂರ್, ಸೇತುವೆ ಕೆಳಗಿನ ಆಳದ ಗುಂಡಿಗೆ. ಇವೆರಡೂ ಆಮೇಲೆ ಕೊಂಡರೆ ನಡೆಯುತ್ತದೆ.

ಬಣ್ಣದ ಮಾತು ಬೇಗ ಮುಗಿಸುತ್ತೇನೆ. ಕೆಸರು ನೀರಿಗೆ ಚಿನ್ನದ ಬಣ್ಣ, ಬಿಳಿ, ಗಿಳಿ ಹಸಿರು. ತಿಳಿ ನೀರಿಗೆ ಬೆಳ್ಳಿ, ಕಂದು. ರಾತ್ರಿಗೆ ಕಪ್ಪು, ಯಾಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಅದೇ ಎದ್ದು ಕಾಣುತ್ತದೆ.

ಎಸೆಯುವುದು, ಎಳೆಯುವುದು, ನಿಲ್ಲಿಸುವುದು

ಹರಿವಿಗೆ ಮುಖ ಮಾಡಿ ಮೀನು ನಿಂತಿರುತ್ತದೆ. ಬೇಟೆ ಮೇಲಿನಿಂದ ತೇಲಿ ಬರುತ್ತದೆ. ಹಾಗಾಗಿ ನೀವೂ ಓರೆಯಾಗಿ ಮೇಲ್ನೀರಿಗೆ ಎಸೆಯಿರಿ. ಮೀನು ಇರಬಹುದಾದ ಜಾಗದ ನೆತ್ತಿಗೆ ಎಸೆದರೆ ಅದು ಹೆದರುತ್ತದೆ. ಎರಡು ಮೂರು ಮೀಟರ್ ಆಚೆ ಬಿದ್ದು, ಹರಿವಿನ ಜೊತೆ ಅದರ ಎದುರಿಗೆ ಬರಲಿ.

ಮಿನ್ನೋ ಆದರೆ ಕೋಲಿನ ತುದಿ ಕೆಳಗೆ ಹಿಡಿದು ಎರಡು ಸಲ ಚಿಮ್ಮಿಸಿ, ನಿಲ್ಲಿಸಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ತಂಪು ಬೆಳಗುಗಳಲ್ಲಿ ಐದರವರೆಗೆ. ನನಗೆ ಸಿಕ್ಕ ಚೊಣಕ್‌ಗಳಲ್ಲಿ ಹೆಚ್ಚಿನವು ಲೂರ್ ನಿಂತಿದ್ದಾಗಲೇ ಹೊಡೆದವು. ಹೊಸಬರು ಸೋಲುವುದು ಇಲ್ಲೇ. ಬಾಯ್ನಾದ ಆ ಹುಡುಗ ಮೊದಲ ತಿಂಗಳು ಬಾವಿಯಿಂದ ಕೊಡ ಸೇದಿದ ಹಾಗೆ ರೀಲ್ ತಿರುಗಿಸುತ್ತಿದ್ದ. “ಸ್ವಲ್ಪ ನಿಲ್ಲಿಸು ಮಾರಾಯ, ಅದಕ್ಕೂ ತಿನ್ನಲು ಹೊತ್ತು ಕೊಡು” ಅಂದೆ. ನಿಲ್ಲಿಸಲು ಕಲಿತ ವಾರವೇ ಅವನಿಗೆ ಮೊದಲ ಮೀನು ಬಂತು.

ನಿಲ್ಲಿಸಿದಾಗ ದಾರ ಜೋತು ಬೀಳಬಾರದು, ಬಿಗಿಯಾಗಿ ಎಳೆಯಲೂಬಾರದು. ಹರಿವು ತಂದಷ್ಟು ಸಡಿಲ ದಾರವನ್ನು ಮಾತ್ರ ಸುತ್ತಿಕೊಳ್ಳುತ್ತಿರಿ. ರಬ್ಬರ್ ಮೀನಾದರೆ ತಳ ಮುಟ್ಟಲು ಬಿಡಿ, ಒಂದು ಮೊಳ ಎತ್ತಿ, ಮತ್ತೆ ಇಳಿಯಲು ಬಿಡಿ. ಇಳಿಯುವಾಗ ದಾರವನ್ನು ಕಣ್ಣಿಟ್ಟು ನೋಡಿ. ಪಕ್ಕಕ್ಕೆ ಸರಿದರೆ ಅಥವಾ ಬೇಗ ಸಡಿಲವಾದರೆ ಎಳೆಯಿರಿ. ಪಾಪ್ಪರಿನಲ್ಲಿ ಮಾತ್ರ ಸದ್ದು ಕೇಳಿದ ಕೂಡಲೇ ಎಳೆಯಬೇಡಿ. ಮೀನಿನ ಭಾರ ಕೈಗೆ ಬಂದ ಮೇಲೆ ಎಳೆಯಿರಿ.

ಒಂದು ಜಾಗದಲ್ಲಿ ಹದಿನೈದು ಇಪ್ಪತ್ತು ಎಸೆತ. ಬೇರೆ ಬೇರೆ ಆಳ ನೋಡಿ. ಆಮೇಲೆ ಮುಂದಕ್ಕೆ. ಹರಿವು ಚೆನ್ನಾಗಿದ್ದು ಸಿಗಡಿ ಚಿಮ್ಮುತ್ತಿದ್ದರೆ ಮಾತ್ರ ಅಲ್ಲೇ ನಿಲ್ಲಿ.

ಲೂರ್ ಬೇರಿಗೆ ಸಿಕ್ಕಿಕೊಂಡರೆ ಕೋಲು ಬಗ್ಗಿಸಿ ಜಗ್ಗಬೇಡಿ. ಬಿಟ್ಟುಕೊಂಡ ಲೂರ್ ಕಣ್ಣಿನ ನೇರಕ್ಕೆ ಹಾರುತ್ತದೆ. ಒಂದು ಕಟ್ಟಿಗೆಗೆ ದಾರ ಸುತ್ತಿ, ಮುಖ ತಿರುಗಿಸಿ, ನೇರ ಎಳೆಯಿರಿ. ಕನ್ನಡಕ, ದಪ್ಪ ಅಡಿಯ ಬೂಟು ಕಡ್ಡಾಯ. ಕಲ್ಲಿಗೆ ಅಂಟಿದ ಕಾಲ್ವೆ (ಸಿಂಪಿ) ಚಿಪ್ಪು ಚಪ್ಪಲಿಯನ್ನೂ ಕೊಯ್ಯುತ್ತದೆ. ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಹೊರಡಿ. ಕಾರ್ಬನ್ ಕೋಲು ಕರೆಂಟ್ ಹರಿಸುತ್ತದೆ.

ಮೀನು ಸಿಕ್ಕ ಮೇಲೆ

ಚೊಣಕ್ ಹಾರುತ್ತದೆ. ಗಾಳಿಯಲ್ಲಿ ತಲೆ ಒದರಿ ಗಾಳ ಉದುರಿಸುತ್ತದೆ. ದಾರ ಮೇಲಕ್ಕೆ ಏಳುವುದು ಕಂಡ ಕೂಡಲೇ ಕೋಲಿನ ತುದಿಯನ್ನು ನೀರಿನ ಕಡೆ ತಗ್ಗಿಸಿ, ಪಕ್ಕಕ್ಕೆ ಎಳೆಯಿರಿ. ಹಾರಾಟ ಅರ್ಧಕ್ಕೆ ನಿಲ್ಲುತ್ತದೆ. ಕಾಂಡ್ಲಾ ಹತ್ತಿರ ತಾಂಬ್ಸೊ ಸಿಕ್ಕರೆ ಲೆಕ್ಕ ಬೇರೆ. ಅದು ನೇರ ಬೇರಿಗೆ ನುಗ್ಗುವ ಕೆಂಪು ಮೀನು. ಮೊದಲ ಐದು ಸೆಕೆಂಡ್ ಒಂದಿಂಚೂ ಬಿಡಬೇಡಿ.

ಹತ್ತಿರ ಬಂದಾಗ ಕಿವಿರಿಗೆ ಬೆರಳು ಹಾಕಬೇಡಿ, ಕೊಯ್ಯುತ್ತದೆ. ಗ್ರಿಪ್ಪರ್ ಎಂಬ ಮೀನು ಹಿಡಿಯುವ ಇಕ್ಕಳದಿಂದ ಕೆಳದವಡೆ ಹಿಡಿದು, ಇನ್ನೊಂದು ಒದ್ದೆ ಕೈ ಹೊಟ್ಟೆಯ ಕೆಳಗೆ. ಉದ್ದ ಮೂಗಿನ ಇಕ್ಕಳದಿಂದ ಗಾಳ ತೆಗೆಯಿರಿ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಡಚಿಟ್ಟಿದ್ದರೆ ಮೀನಿಗೂ ಸುಲಭ, ನಿಮ್ಮ ಬೆರಳಿಗೂ ಸುಲಭ.

ಯಾವುದನ್ನು ಮನೆಗೆ ತರಬೇಕು? ಚೊಣಕ್ ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುವ ಮೀನು. ಮೀಟರಿನ ಹತ್ತಿರ ಬೆಳೆದವು ಸಾಮಾನ್ಯವಾಗಿ ಹೆಣ್ಣುಗಳೇ. ಲಕ್ಷಗಟ್ಟಲೆ ಮೊಟ್ಟೆ ಇಡುವಂಥವು. ಅಂಥದ್ದೊಂದು ಸಾರಿಗೆ ಹೋದರೆ ಹೊಳೆಗೆ ಆಗುವ ನಷ್ಟ ದೊಡ್ಡದು. ನಾನು ಇಟ್ಟುಕೊಂಡ ನಿಯಮ ಇದು: 50 ಸೆಂ.ಮೀ. ಒಳಗಿನದು ವಾಪಸ್, 80 ಸೆಂ.ಮೀ. ದಾಟಿದ್ದೂ ವಾಪಸ್. ನಡುವಿನದು ದಿನಕ್ಕೆ ಒಂದು, ಅದೂ ಮನೆಯಲ್ಲಿ ತಿನ್ನುವವರಿದ್ದರೆ. ಕೋಲಿನ ಮೇಲೆ ಈ ಎರಡು ಅಳತೆಗೆ ಕೆಂಪು ಟೇಪ್ ಸುತ್ತಿದ್ದೇನೆ. ಅಳೆಯಲು ಹುಡುಕಾಟ ಇಲ್ಲ.

ಬಿಡುವಾಗ ದವಡೆಯಿಂದ ನೇತಾಡಿಸಿ ಫೋಟೋ ತೆಗೆಯಬೇಡಿ. ದೊಡ್ಡ ಮೀನಿನ ಭಾರಕ್ಕೆ ಕತ್ತಿನ ಮೂಳೆಗೆ ಪೆಟ್ಟಾಗುತ್ತದೆ. ನೀರಿನಲ್ಲೇ ಅಡ್ಡಲಾಗಿ ಹಿಡಿದು, ಹರಿವಿಗೆ ಮುಖ ಮಾಡಿ. ಕಿವಿರು ತೆರೆದು ಮುಚ್ಚುವುದು ಕಾಣುತ್ತದೆ. ಬಾಲ ತಾನಾಗಿ ಒಮ್ಮೆ ಬಲವಾಗಿ ಬೀಸಿದಾಗ ಕೈ ಸಡಿಲ ಬಿಡಿ.

ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ರಭಸದ ಪೈಪ್ ಬೇಡ, ಉಪ್ಪು ಒಳಗೆ ಹೋಗುತ್ತದೆ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಒಣಗಿಸಿ. ಬಳಸಿದ ಲೂರ್‌ಗಳನ್ನು ತೊಳೆಯದೆ ಡಬ್ಬಿಗೆ ಹಾಕಿದರೆ ಒಂದರ ತುಕ್ಕು ಎಲ್ಲದಕ್ಕೂ ಹತ್ತುತ್ತದೆ. ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ದಿನ, ತಿಥಿ, ಜಾಗ, ಇಳಿತ ಶುರುವಾಗಿ ಎಷ್ಟನೇ ಗಂಟೆ, ನೀರಿನ ಬಣ್ಣ, ಯಾವ ಲೂರ್. ಮೀನು ಸಿಗದ ದಿನವೂ ಬರೆಯಿರಿ. ನನ್ನ ಪುಸ್ತಕದ ನಿನ್ನೆಯ ಸಾಲು ಹೀಗಿದೆ: ದಶಮಿ, ತೂಬಿನ ಕೆಳಗೆ, ನಾಲ್ಕನೇ ಗಂಟೆ, ಚಹಾ ಬಣ್ಣ, ಬಿಳಿ ರಬ್ಬರ್ 10 ಗ್ರಾಂ, 62 ಸೆಂ.ಮೀ., ಪಕ್ಕದ ಮನೆಗೆ ಅರ್ಧ.